ಕ್ಯಾಮೆರಾ ಹಿಡಿದ ಕೊಲೆಗಾರ, ಬೆಲೆ ತೆತ್ತ ನಿರ್ದೇಶಕ

ಸೈಕೋ ಕೊಲೆಗಾರರ ಸಿನಿಮಾ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಹಿಚ್‌ಕಾಕ್ ಅವರ 'ಸೈಕೋ'. ಬಂದಿದ್ದು 1960ರಲ್ಲಿ. ಅದಕ್ಕೆ ಸ್ವಲ್ಪ ಮೊದಲು, ಅದೇ ವರ್ಷ, ಲಂಡನ್ನಿನಲ್ಲಿ ಇನ್ನೊಬ್ಬ ಸರಣಿ ಕೊಲೆಗಾರನ ಸಿನಿಮಾ ತೆರೆಕಂಡಿತ್ತು: 'ಪೀಪಿಂಗ್ ಟಾಮ್'. ಸೈಕೋ ಹಿಚ್‌ಕಾಕ್‌ಗೆ ಹಣ, ಹೆಸರು ಎರಡನ್ನೂ ತಂದಿತು. ಪೀಪಿಂಗ್ ಟಾಮ್ ಮಾತ್ರ ತನ್ನ ನಿರ್ದೇಶಕ ಮೈಕೆಲ್ ಪೊವೆಲ್ ಅವರ ಅನ್ನಕ್ಕೇ ಕಲ್ಲು ಹಾಕಿತು.

ಪೊವೆಲ್ ಹುಟ್ಟಿದ್ದು 1905ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಬ್ಯಾಂಕ್ ಕೆಲಸ ಬಿಟ್ಟು ಫ್ರಾನ್ಸಿನ ನೀಸ್‌ನಲ್ಲಿದ್ದ ಸ್ಟುಡಿಯೋ ಸೇರಿ, ಕೆಳಗಿನಿಂದ ಕೆಲಸ ಕಲಿತರು. ಹಿಚ್‌ಕಾಕ್ ಸೆಟ್‌ನಲ್ಲಿ ಸ್ಟಿಲ್ ಫೋಟೋಗ್ರಾಫರ್ ಆಗಿಯೂ ದುಡಿದರು. ಮುಂದೆ ಎಮರಿಕ್ ಪ್ರೆಸ್‌ಬರ್ಗರ್ ಜೊತೆ ಸೇರಿ 'ಬ್ಲ್ಯಾಕ್ ನಾರ್ಸಿಸಸ್' (1947), 'ದಿ ರೆಡ್ ಶೂಸ್' (1948) ಕೊಟ್ಟರು. ಬ್ಲ್ಯಾಕ್ ನಾರ್ಸಿಸಸ್‌ನಲ್ಲಿ ನಟಿಸಿದ ಸಾಬು ಬೇರೆ ಯಾರೂ ಅಲ್ಲ, ನಮ್ಮ ಮೈಸೂರು ಸೀಮೆಯ ಮಾವುತನ ಮಗ!

ಪೀಪಿಂಗ್ ಟಾಮ್ ಬರೆದ ಲಿಯೋ ಮಾರ್ಕ್ಸ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಗೂಢಚಾರರಿಗೆ ರಹಸ್ಯ ಕೋಡ್ ರೂಪಿಸಿದವರು. ಕಥಾನಾಯಕ ಮಾರ್ಕ್ ಒಬ್ಬ ಫೋಕಸ್ ಪುಲ್ಲರ್. ಕ್ಯಾಮೆರಾ ಸ್ಟ್ಯಾಂಡಿನ ಕಾಲಲ್ಲಿ ಮೊನೆ ಅಡಗಿಸಿಟ್ಟು ಹೆಂಗಸರನ್ನು ಕೊಲ್ತಾನೆ, ಅವರ ಭಯವನ್ನು ಶೂಟ್ ಮಾಡ್ತಾನೆ. ಸಾಯುವಾಗ ಅವರ ಮುಖ ಅವರಿಗೇ ಕಾಣಲಿ ಅಂತ ಕನ್ನಡಿ ಬೇರೆ! ಇವನು ಹೀಗಾಗಲು ಕಾರಣ ಅಪ್ಪ. ಭಯದ ಬಗ್ಗೆ ಸಂಶೋಧನೆಗೆಂದು ಸ್ವಂತ ಮಗನನ್ನೇ ಹೆದರಿಸಿ, ಹೆದರಿಸಿ ಚಿತ್ರೀಕರಿಸಿದ ವಿಜ್ಞಾನಿ. ಆ ಅಪ್ಪನಾಗಿ ಪೊವೆಲ್ ತಾವೇ ನಟಿಸಿದರು; ಬಾಲಕ ಮಾರ್ಕ್ ಆದದ್ದು ಅವರ ಮಗ ಕೊಲಂಬಾ.

ತೆರೆ ಮೇಲೆ ರಕ್ತ ಕಾಣೋದು ತೀರಾ ಕಡಿಮೆ. ಆದರೂ ವಿಮರ್ಶಕರು ಕೆಂಡಾಮಂಡಲವಾದರು. ಯಾಕಂದ್ರೆ ಕೊಲೆ ನಮಗೆ ಕಾಣೋದು ಕೊಲೆಗಾರನ ಲೆನ್ಸ್ ಮೂಲಕ. ಟಿಕೆಟ್ ಕೊಟ್ಟು ನೋಡುತ್ತಾ ಕೂತ ನಾವೂ ಅವನ ಜೊತೆಗಾರರೇ ಅಂತ ಸಿನಿಮಾ ಹೇಳಿಬಿಟ್ಟಿತ್ತು. ಚಿತ್ರ ಬೇಗನೆ ಥಿಯೇಟರಿನಿಂದ ಎತ್ತಂಗಡಿಯಾಯ್ತು. ಬ್ರಿಟನ್ನಿನಲ್ಲಿ ಪೊವೆಲ್‌ಗೆ ಬಾಗಿಲುಗಳು ಮುಚ್ಚತೊಡಗಿದವು. ಸಿನಿಮಾ ಮಾಡಲು ಆಸ್ಟ್ರೇಲಿಯಾದವರೆಗೆ ಹೋಗಬೇಕಾಯ್ತು.

ಸುಮಾರು ಎರಡು ದಶಕದ ನಂತರ ಮಾರ್ಟಿನ್ ಸ್ಕಾರ್ಸೆಸೆ ಬೆನ್ನಿಗೆ ನಿಂತರು. 1979ರಲ್ಲಿ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಪೀಪಿಂಗ್ ಟಾಮ್ ಮತ್ತೆ ತೆರೆಕಂಡಿತು. ಸ್ಕಾರ್ಸೆಸೆ ಚಿತ್ರಗಳ ಸಂಕಲನಕಾರ್ತಿ ಥೆಲ್ಮಾ ಸ್ಕೂನ್‌ಮೇಕರ್ ಅವರನ್ನು ಪೊವೆಲ್ 1984ರಲ್ಲಿ ಮದುವೆಯಾದರು. 1990ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹೋದ ಮರ್ಯಾದೆ ಮರಳಿತ್ತು, ಹೋದ ವರ್ಷಗಳು ಮರಳಲಿಲ್ಲ.

ಇವತ್ತು ಕ್ಯಾಮೆರಾ ನಮ್ಮೆಲ್ಲರ ಜೇಬಲ್ಲೇ ಇದೆ. ರಸ್ತೆಯಲ್ಲಿ ಯಾರಾದರೂ ಬಿದ್ದು ನರಳುವಾಗ ಕೈ ಚಾಚೋಕೆ ಮೊದಲು ನಾವು ಮೊಬೈಲ್ ಎತ್ತಿದರೆ, ಪೊವೆಲ್ 1960ರಲ್ಲೇ ತೋರಿಸಿದ್ದು ನಮ್ಮನ್ನೇ.