ಪದಕ ವಾಪಸ್ ಕೊಟ್ಟ ನಟಿ

ಪ್ರಶಸ್ತಿ ಗೆದ್ದವರ ಕಥೆಗಳನ್ನು ನಾವು ಬೇಕಾದಷ್ಟು ಓದುತ್ತೇವೆ. ನನ್ನನ್ನು ತುಂಬಾ ಕಾಡಿದ್ದು ಕೈಗೆ ಬಂದ ಪದಕವನ್ನೇ ಹಿಂದಿರುಗಿಸಿದ ಆಸ್ಟ್ರೇಲಿಯಾದ ನಟಿ ಜಸ್ಟೀನ್ ಸಾಂಡರ್ಸ್. ಆಸ್ಟ್ರೇಲಿಯಾ ಎಂದರೆ ಕ್ರಿಕೆಟ್, ಇಲ್ಲವೇ ಎಂ.ಎಸ್. ಮಾಡಲು ಹೋಗುವ ದೇಶ ಎನ್ನುವ ನನ್ನಂಥ ಬಿ.ಇ. ವಿದ್ಯಾರ್ಥಿಗಳ ನಡುವೆ ಈ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಜಸ್ಟೀನ್ ಹುಟ್ಟಿದ್ದು 1953ರಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನ ಕ್ವಿಲ್ಪಿ ಬಳಿ, ರೈಲು ಹಳಿಯ ಪಕ್ಕದಲ್ಲಿ. ಅವರು ಮೂಲನಿವಾಸಿಗಳಲ್ಲಿ ವೊಪ್ಪಬುರ ಜನಾಂಗದವರು. ಈ ಜನರ ನೆಲ ಕೆಪೆಲ್ ದ್ವೀಪಗಳು. ಅಲ್ಲಿ ಅಳಿದುಳಿದಿದ್ದವರನ್ನೂ 1902ರಲ್ಲೇ ಎಬ್ಬಿಸಿ ಸಾಗಿಸಲಾಗಿತ್ತು.

11ನೇ ವಯಸ್ಸಿನಲ್ಲಿ ಜಸ್ಟೀನ್‌ರನ್ನು ತಾಯಿ ಹೆದರ್ ಅವರಿಂದ ಬೇರ್ಪಡಿಸಿ ಬ್ರಿಸ್ಬೇನ್‌ನ ಕಾನ್ವೆಂಟಿಗೆ ಸೇರಿಸಿದರು. ತಾಯಿ ತೀರಿಕೊಂಡಿರಲಿಲ್ಲ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ಬಿಳಿಯರ ರೀತಿಯಲ್ಲಿ ಬೆಳೆಸುವುದು ಆಗಿನ ನೀತಿಯಾಗಿತ್ತು. ಹೀಗೆ ಬೆಳೆದವರನ್ನು ಅಲ್ಲಿ ಕದ್ದೊಯ್ದ ತಲೆಮಾರು ಎನ್ನುತ್ತಾರೆ.

ಸಿಡ್ನಿಯ ರಂಗಭೂಮಿ, ನಂಬರ್ 96 ಎಂಬ ಧಾರಾವಾಹಿ, 1978ರ ದಿ ಚಾಂಟ್ ಆಫ್ ಜಿಮ್ಮಿ ಬ್ಲ್ಯಾಕ್‌ಸ್ಮಿತ್ ಸಿನಿಮಾ, ಆಮೇಲೆ ವಿಮೆನ್ ಆಫ್ ದಿ ಸನ್ ಕಿರುಸರಣಿ ಹೀಗೆ ಅವರ ನಟನೆ ಸಾಗಿತು. ನನಗೆ ಮುಖ್ಯ ಅನಿಸುವುದು 1986ರ ದಿ ಫ್ರಿಂಜ್ ಡ್ವೆಲ್ಲರ್ಸ್. ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶಿಸಿದ ಈ ಚಿತ್ರದ ಬಹುತೇಕ ಪಾತ್ರಧಾರಿಗಳು ಮೂಲನಿವಾಸಿಗಳೇ. ಊರಾಚೆಯ ತಗಡಿನ ಜೋಪಡಿಯಲ್ಲಿ ಬದುಕುವ ಕುಟುಂಬದ ಕಥೆ ಅದು. ಮಗಳು ಟ್ರಿಲ್ಬಿಗೆ ಊರೊಳಗೆ ಒಳ್ಳೆಯ ಮನೆ ಬೇಕು, ಓದು ಬೇಕು. ಹೊಸ ಮನೆ ಸಿಗುತ್ತದೆ, ನೆಂಟರೆಲ್ಲ ಬಂದು ತುಂಬಿಕೊಳ್ಳುತ್ತಾರೆ, ಬಾಡಿಗೆ ಕಟ್ಟಲಾಗದೆ ಮನೆ ಕೈತಪ್ಪುತ್ತದೆ. ಈ ಗದ್ದಲದ ನಡುವೆ ಎಲ್ಲರನ್ನೂ ಹಿಡಿದಿಟ್ಟುಕೊಳ್ಳುವ ತಾಯಿ ಮಾಲಿ, ನಮ್ಮ ಜಸ್ಟೀನ್. ತಾಯಿಯ ಮಡಿಲಿನಿಂದ ಕಿತ್ತುಕೊಂಡು ಹೋದ ಹುಡುಗಿ ಪರದೆಯ ಮೇಲೆ ತಾಯಿಯಾಗಿದ್ದಳು. ಆ ಚಿತ್ರ ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು.

1991ರಲ್ಲಿ ಆರ್ಡರ್ ಆಫ್ ಆಸ್ಟ್ರೇಲಿಯಾ ಪದಕ ಬಂತು. 2000ದಲ್ಲಿ ಸಚಿವ ಜಾನ್ ಹೆರನ್ ಸಂಸತ್ತಿನ ಸಮಿತಿಗೆ ಕೊಟ್ಟ ಹೇಳಿಕೆಯಲ್ಲಿ, ಒಯ್ದ ಮಕ್ಕಳು ಹೆಚ್ಚೆಂದರೆ ಶೇ 10ರಷ್ಟು, ಹಾಗಾಗಿ ಅದನ್ನು ತಲೆಮಾರು ಎನ್ನಲಾಗದು ಎಂಬ ವಾದವಿತ್ತು. ನಮ್ಮ ಕ್ಲಾಸಿನಲ್ಲಿ 60 ಮಂದಿ ಇದ್ದೇವೆ. ಶೇ 10 ಅಂದರೆ ಆರು ಬೆಂಚಿನ ಸ್ಥಾನ ಖಾಲಿ. ಅಟೆಂಡೆನ್ಸ್ ಲೆಕ್ಕದಲ್ಲಿ ಅದು ಚಿಕ್ಕ ಸಂಖ್ಯೆಯೇ, ಆ ಆರು ಮನೆಗಳ ಅಮ್ಮಂದಿರಿಗೆ ಅಲ್ಲ. ಜಸ್ಟೀನ್ ಪದಕವನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ಒಂದು ಸರ್ಟಿಫಿಕೇಟ್ ಸಿಕ್ಕರೆ ಅದೇ ದಿನ ರೆಸ್ಯೂಮೆಗೆ ಸೇರಿಸುವ ನಮಗೆ ಇದು ಸುಲಭದ ಕೆಲಸವಾಗಿ ಕಾಣುವುದಿಲ್ಲ. ಕಲಾವಿದೆಗೆ ಅಂಥ ಗೌರವ ಅವಕಾಶದ ಬಾಗಿಲೂ ಹೌದು.

2007ರ ಏಪ್ರಿಲ್ 15ರಂದು ಕ್ಯಾನ್ಸರ್‌ನಿಂದ ಅವರು ತೀರಿಕೊಂಡಾಗ ವಯಸ್ಸು 54. ಹತ್ತು ತಿಂಗಳ ಬಳಿಕ, 2008ರ ಫೆಬ್ರುವರಿ 13ರಂದು, ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕದ್ದೊಯ್ದ ತಲೆಮಾರಿನ ಕ್ಷಮೆ ಕೇಳಿದರು. ಕೆಪೆಲ್ ದ್ವೀಪಗಳ ಮೇಲೆ ವೊಪ್ಪಬುರ ಜನರ ಹಕ್ಕನ್ನು ನ್ಯಾಯಾಲಯ ಒಪ್ಪಿದ್ದು 2021ರಲ್ಲಿ.