ಆವತಿಯ ಕಥೆಯನ್ನು ಬರೆದಿರಿಸಿದ ಬಿ. ಎಲ್. ರೈಸ್

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಆವತಿಯು ನಾಡಪ್ರಭುಗಳ ಮೂಲಸ್ಥಾನವೆಂದು ಖ್ಯಾತಿವೆತ್ತಿದೆ. ಕಂಚಿಯ ಸೀಮೆಯಲ್ಲಿ ಪ್ರಬಲನಾದ ನಾಯಕನೊಬ್ಬನು ತಮ್ಮ ಮನೆಯ ಕನ್ಯೆಯನ್ನು ಬಲಾತ್ಕಾರದಿಂದ ವರಿಸಲೆಳಸಿದನೆಂದು ಮೊರಸು ಒಕ್ಕಲಿನ ಏಳು ಕುಟುಂಬಗಳು ಬಂಡಿ ಕಟ್ಟಿ ಹೊರಟು, ನಂದಿದುರ್ಗಕ್ಕೆ ಪೂರ್ವದ ರಾಮಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಬೀಡುಬಿಟ್ಟುವೆಂದೂ, ಅವರ ಮುಖಂಡನಾದ ರಣಭೈರೇಗೌಡನು ಆವತಿಯಲ್ಲಿ ನೆಲೆಸಿದನೆಂದೂ ಐತಿಹ್ಯ. ಈ ಐತಿಹ್ಯವನ್ನು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಸೇರಿಸಿ ಕಾಪಾಡಿದವರು ಬೆಂಜಮಿನ್ ಲೂಯಿಸ್ ರೈಸರು.

ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿ, 1860ರಲ್ಲಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜೆನಿಸಿದ ಪ್ರೌಢಶಾಲೆಯ ಮುಖ್ಯಸ್ಥರಾದರು. ಅನಂತರ ವಿದ್ಯಾ ಇಲಾಖೆಯ ಅಧಿಕಾರಿಯಾಗಿ, ಗ್ರಾಮದ ಮಕ್ಕಳಿಗೂ ಅಕ್ಷರ ದೊರೆಯಲೆಂದು ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಶಾಲೆಗಳ ತನಿಖೆಗೆಂದು ಊರೂರು ಸಂಚರಿಸುತ್ತಿದ್ದಾಗಲೇ ಶಿಲಾಶಾಸನಗಳು ಅವರ ದೃಷ್ಟಿಯನ್ನು ಸೆಳೆದವು. ಅನೇಕ ಶಾಸನಗಳು ಆಗ ಮೆಟ್ಟಿಲುಗಳಾಗಿಯೂ ಬಟ್ಟೆ ಒಗೆಯುವ ಕಲ್ಲುಗಳಾಗಿಯೂ ಸವೆಯುತ್ತಿದ್ದುವು.

ಅವುಗಳನ್ನು ಓದಿಸಿ, ಪ್ರತಿಮಾಡಿಸಿ, 1886ರಿಂದ 1905ರವರೆಗೆ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ 9000ಕ್ಕೆ ಸಮೀಪಿಸುವಷ್ಟು ಶಾಸನಗಳನ್ನು ಅವರು ಪ್ರಕಟಿಸಿದರು. ದೇವನಹಳ್ಳಿ ಸೀಮೆಯವು ಒಂಬತ್ತನೆಯ ಸಂಪುಟದಲ್ಲಿವೆ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದವರೂ ಅವರೇ. ಈ ಮಹಾಕಾರ್ಯದಲ್ಲಿ ಹಳಗನ್ನಡ, ಸಂಸ್ಕೃತಗಳನ್ನು ಬಲ್ಲ ನಮ್ಮ ಪಂಡಿತರ ಶ್ರಮ ಅಪಾರವಾಗಿ ಬೆರೆತಿದೆ. ಹೊತ್ತಗೆಯ ಮೊಗಪುಟದಲ್ಲಿ ಹೆಸರಿಲ್ಲದ ಅವರನ್ನು ಇಲ್ಲಿ ನೆನೆಯದಿರುವುದು ಉಚಿತವಲ್ಲ. ರೈಸರ ನಿರ್ಣಯಗಳೆಲ್ಲವೂ ನಿಂತಿಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರು ಅವರನ್ನು ತೀವ್ರವಾಗಿ ಖಂಡಿಸಿದರು.

ಹೀಗೆ ಕಲ್ಲಿನ ಸಾಕ್ಷ್ಯವನ್ನೇ ಬಾಳೆಲ್ಲ ಅರಸಿದವರು ಬಾಯಿಮಾತಿನ ಕಥೆಯನ್ನು ಏಕೆ ಬರೆದಿರಿಸಿದರು? ಅಜ್ಜಿಯ ಕಥೆಯೆಂದು ಅದನ್ನು ತಳ್ಳಿಬಿಡುವುದು ಸುಲಭವಾಗಿತ್ತು. ಆದರೆ ಶಾಸನವು ದತ್ತಿಯನ್ನು ಹೇಳುತ್ತದೆ, ವೀರನ ಮರಣವನ್ನು ಹೇಳುತ್ತದೆ. ಉಳುವ ಒಕ್ಕಲೊಂದು ಮಗಳ ಮಾನಕ್ಕಾಗಿ ಹುಟ್ಟಿದೂರನ್ನು ತೊರೆದ ಸಂಕಟವನ್ನು ಯಾವ ಕಲ್ಲೂ ಹೇಳದು. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಪ್ರಭುಗಳು ತಾವು ಎಲ್ಲಿಯವರೆಂದು ಹೇಳಿಕೊಂಡರೆಂಬುದು ಆ ಕಥೆಯಿಂದಲೇ ತಿಳಿಯಬೇಕು. ರೈಸರು ಅದನ್ನು ಐತಿಹ್ಯವೆಂದೇ ಬರೆದರು, ಪ್ರಮಾಣವೆಂದು ಮೆರೆಸಲಿಲ್ಲ. ಈ ವಿವೇಕವು ಇಂದಿನ ಕೆಲವು ಸ್ಥಳಚರಿತ್ರೆಕಾರರಲ್ಲಿ ಕಾಣದು!

1906ರಲ್ಲಿ ರೈಸರು ನಿವೃತ್ತರಾದಾಗ ಆರ್. ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದರು. ಸ್ವದೇಶದಲ್ಲಿದ್ದೂ ರೈಸರು ಲೇಖನಿಯನ್ನು ಕೆಳಗಿಡಲಿಲ್ಲ. ಶಾಸನಗಳನ್ನು ಆಧರಿಸಿದ ಮೈಸೂರು-ಕೊಡಗುಗಳ ಇತಿಹಾಸವನ್ನು 1909ರಲ್ಲಿ ಪ್ರಕಟಿಸಿದರು. 1927ರಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನ ಸಮೀಪದಲ್ಲಿ, ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ದಿವಂಗತರಾದರು.