ಶೋಪಾನ್ ಮೇಷ್ಟ್ರ ಟ್ಯೂಷನ್ ಲೆಕ್ಕ

ಫ್ರೆಡರಿಕ್ ಶೋಪಾನ್ ಅಂದ ಕೂಡಲೇ ಒಂದು ಸಿದ್ಧ ಚಿತ್ರ ಕಣ್ಣ ಮುಂದೆ ಬರುತ್ತೆ. ಮೇಣದಬತ್ತಿಯ ಬೆಳಕು, ಕೆಮ್ಮುತ್ತಾ ಪಿಯಾನೊ ನುಡಿಸುವ ಬಡಕಲು ಯುವಕ, ಸುತ್ತ ನಿಟ್ಟುಸಿರು ಬಿಡುವ ರಾಜಕುಮಾರಿಯರು. ರಾಜಕುಮಾರಿಯರು ಇದ್ದದ್ದು ನಿಜ. ಆದರೆ ಅವರಲ್ಲಿ ಬಹುತೇಕರು ಫೀಸು ಕೊಟ್ಟು ಬಂದ ವಿದ್ಯಾರ್ಥಿಗಳು. ಇಡೀ ಜೀವನದಲ್ಲಿ ಶೋಪಾನ್ ಕೊಟ್ಟ ಸಾರ್ವಜನಿಕ ಕಛೇರಿಗಳು ಹೆಚ್ಚೆಂದರೆ ಮೂವತ್ತು ಚಿಲ್ಲರೆ. ಪ್ಯಾರಿಸಿನಲ್ಲಿ ಆತನ ಮನೆ ನಡೆದದ್ದು ಟ್ಯೂಷನ್ನಿಂದ.

ಹುಟ್ಟಿದ್ದು 1810ರಲ್ಲಿ, ವಾರ್ಸಾ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಫ್ರಾನ್ಸಿನಿಂದ ವಲಸೆ ಬಂದ ಫ್ರೆಂಚ್ ಮೇಷ್ಟ್ರು. ಶಾಲೆಯ ಕೆಲಸದ ಜೊತೆಗೆ ಅನುಕೂಲಸ್ಥರ ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಊಟ-ವಸತಿ ನೋಡಿಕೊಳ್ಳುತ್ತಿದ್ದ. ಪಾಠ ಹೇಳಿ ಬದುಕುವುದು ಅಂದರೇನು ಅಂತ ಹುಡುಗನಿಗೆ ಮನೆಯಲ್ಲೇ ಗೊತ್ತಿತ್ತು. 1830ರ ನವೆಂಬರಿನಲ್ಲಿ ಆತ ವಾರ್ಸಾ ಬಿಟ್ಟ. ಅದೇ ತಿಂಗಳ ಕೊನೆಗೆ ರಷ್ಯಾದ ಆಳ್ವಿಕೆ ವಿರುದ್ಧ ಪೋಲಿಷರು ದಂಗೆ ಎದ್ದರು. ಮರುವರ್ಷ ದಂಗೆ ಸೋತಿತು. ಶೋಪಾನ್ ಮತ್ತೆ ತಾಯ್ನಾಡು ನೋಡಲೇ ಇಲ್ಲ.

ಪ್ಯಾರಿಸಿಗೆ ಬಂದಾಗ ವಯಸ್ಸು 21. ಆ ಊರಿನ ಪ್ರಖ್ಯಾತ ಪಿಯಾನೊ ಗುರು ಕಾಲ್ಕ್‌ಬ್ರೆನ್ನರ್ ಈತನ ಕೈ ನೋಡಿ, ಮೂರು ವರ್ಷ ನನ್ನ ಹತ್ತಿರ ಕಲಿ ಅಂದ. ಹುಡುಗ ನಯವಾಗಿ ಜಾರಿಕೊಂಡ. ಕೆಲವೇ ಕಾಲದಲ್ಲಿ ರಾತ್‌ಶೀಲ್ಡ್ ಥರದ ಮನೆಗಳವರು ಈತನ ಶಿಷ್ಯರಾದರು. ಒಂದು ದೊಡ್ಡ ಮನೆ ಸಿಕ್ಕರೆ ಸಾಕಿತ್ತು, ಉಳಿದದ್ದೆಲ್ಲ ಬಾಯಿಂದ ಬಾಯಿಗೆ. ಜಾಹೀರಾತೇ ಬೇಕಾಗಲಿಲ್ಲ.

ಈಗ ಲೆಕ್ಕ. (ಇಂಜಿನಿಯರಿಂಗ್ ಓದಿದ ಚಟ, ಕ್ಷಮಿಸಿ.) ಒಂದು ಪಾಠಕ್ಕೆ 20 ಫ್ರಾಂಕ್. ಶಿಷ್ಯರ ಮನೆಗೇ ಹೋಗಬೇಕಾದರೆ 30. ದಿನಕ್ಕೆ ಸುಮಾರು ಐದು ಪಾಠ, ಒಂದೊಂದೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಪ್ರತಿಭೆ ಇದ್ದವರಿಗೆ ಗಡಿಯಾರ ನೋಡುತ್ತಿರಲಿಲ್ಲ. ಈಗ ಜಗತ್ತೆಲ್ಲ ನುಡಿಸುವ 24 ಪ್ರಿಲ್ಯೂಡುಗಳ ಫ್ರಾನ್ಸಿನ ಹಕ್ಕಿಗೆ ಸಿಕ್ಕಿದ್ದು ಒಟ್ಟು 2000 ಫ್ರಾಂಕ್, ಅಂದರೆ ನೂರು ಪಾಠಗಳ ಫೀಸು, ಅಂದರೆ ಇಪ್ಪತ್ತು ದಿನದ ಟ್ಯೂಷನ್. ರಾಯಲ್ಟಿ ಗೀಯಲ್ಟಿ ಏನಿಲ್ಲ, ಒಂದೇ ಸಲ ದುಡ್ಡು. ಇನ್ನು ಖರ್ಚು: ಒಳ್ಳೆ ಬಡಾವಣೆಯಲ್ಲಿ ಮನೆ, ಆಳು, ಕುದುರೆಗಾಡಿ, ಬಿಳಿ ಕೈಗವಸು. ಇವಿಲ್ಲದೆ ಆ ವರ್ಗದ ಮನೆಗಳ ಬಾಗಿಲು ತೆರೆಯುತ್ತಿರಲಿಲ್ಲ. ಗಳಿಕೆಯ ದೊಡ್ಡ ಪಾಲು ಅದಕ್ಕೇ ಹೋಗುತ್ತೆ ಅಂತ ಆತನೇ ಗೆಳೆಯನಿಗೆ ಬರೆದು ಗೊಣಗಿದ್ದ.

ಆದರೂ ಅಂಗಡಿ ಅಚ್ಚುಕಟ್ಟು. ಚಳಿಗಾಲ, ವಸಂತದಲ್ಲಿ ಪಾಠ. ಬೇಸಿಗೆಯಲ್ಲಿ ಊರಿನ ಶ್ರೀಮಂತರೆಲ್ಲ ಹಳ್ಳಿ ಬಂಗಲೆಗಳಿಗೆ ಹೋದಾಗ, ಹಲವು ವರ್ಷ ಲೇಖಕಿ ಜಾರ್ಜ್ ಸ್ಯಾಂಡ್‌ಳ ನೊಆನ್ ಮನೆಯಲ್ಲಿ ಕೂತು ರಚನೆ. ಆತನ ದೊಡ್ಡ ಕೃತಿಗಳು ಹುಟ್ಟಿದ್ದು ಹೀಗೆ, ಟ್ಯೂಷನ್ ರಜೆಯಲ್ಲಿ. ಪಾಠದ ಕೋಣೆಯಲ್ಲಿ ಎರಡು ಪ್ಲೆಯೆಲ್ ಪಿಯಾನೊ. ದೊಡ್ಡದು ಶಿಷ್ಯರಿಗೆ, ಚಿಕ್ಕದು ಮೇಷ್ಟ್ರಿಗೆ. ಫೀಸನ್ನು ಕೈಗೆ ಕೊಡುವ ಹಾಗಿಲ್ಲ. ಬೆಂಕಿಗೂಡಿನ ಮೇಲಿನ ಹಲಗೆಯ ಮೇಲಿಟ್ಟು ಹೋಗಬೇಕು. ನಾನು ಕಾಲೇಜಿನಲ್ಲಿದ್ದಾಗ ಗಣಿತ ಟ್ಯೂಷನ್ ಹೇಳುತ್ತಿದ್ದೆ. ತಿಂಗಳ ಕೊನೆಗೆ ದುಡ್ಡು ಕೇಳುವ ಆ ಮುಜುಗರ ಗೊತ್ತಿರುವವರಿಗೆ ಈ ಹಲಗೆಯ ಬೆಲೆ ಅರ್ಥವಾಗುತ್ತೆ.

ಪಾಠವೂ ಆ ಕಾಲಕ್ಕೆ ತಿರುಗುಮುರುಗು. ಬೇರೆ ಗುರುಗಳು ಶಿಷ್ಯರ ಮಣಿಕಟ್ಟನ್ನು ಮರದ ಪಟ್ಟಿಯ ಮೇಲೆ ಇಡಿಸಿ, ಐದೂ ಬೆರಳಿಗೆ ಒಂದೇ ಬಲ ಬರಬೇಕು ಅಂತ ಗಂಟೆಗಟ್ಟಲೆ ತಿಕ್ಕಿಸುತ್ತಿದ್ದರು. ಶೋಪಾನ್ ಮೊದಲು ಕಲಿಸುತ್ತಿದ್ದದ್ದು ಬಿ ಮೇಜರ್. ಉದ್ದದ ಮಧ್ಯದ ಬೆರಳುಗಳು ಎತ್ತರದ ಕಪ್ಪು ಕೀಲಿಗಳ ಮೇಲೆ, ಗಿಡ್ಡದ ಹೆಬ್ಬೆರಳು ಬಿಳಿಯ ಮೇಲೆ. ಕೈ ತಾನಾಗಿ ಕೂರುತ್ತೆ. ಓದಲು ಸುಲಭವಾದ ಸಿ ಮೇಜರ್ ಕೈಗೆ ಕಷ್ಟ, ಅದು ಕೊನೆಗೆ. ಬೆರಳುಗಳು ಸಮ ಅಲ್ಲ, ಒಂದೊಂದರ ದನಿ ಬೇರೆ, ಅದನ್ನೇ ಬಳಸಿಕೊಳ್ಳಬೇಕು ಅನ್ನೋದು ಆತನ ವಾದ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಅಭ್ಯಾಸ ಬೇಡ ಅನ್ನುತ್ತಿದ್ದ.

ಇಷ್ಟು ಒಳ್ಳೆಯ ಪಾಠ ಹೋಗಿದ್ದು ಎಲ್ಲಿಗೆ? ಹೆಚ್ಚಿನ ಶಿಷ್ಯರು ಕುಲೀನ ಮನೆತನದ ಹೆಂಗಸರು. ಅವರಿಗೆ ಎಷ್ಟೇ ಪ್ರತಿಭೆ ಇದ್ದರೂ ದುಡ್ಡು ಪಡೆದು ವೇದಿಕೆ ಹತ್ತುವುದು ಮರ್ಯಾದೆಗೇಡು. ಮಾರ್ಸೆಲಿನಾ ಚಾರ್ಟೊರಿಸ್ಕಾ ಅಂಥ ಶ್ರೇಷ್ಠ ಶಿಷ್ಯೆಗೂ ಧರ್ಮಾರ್ಥ ಕಛೇರಿಗಳೇ ಗತಿ. ಮಿಕುಲಿ, ಮಥಿಯಾಸ್ ಥರದ ಕೆಲವೇ ಗಂಡಸರು ಆ ವಿದ್ಯೆಯನ್ನು ವೃತ್ತಿಯಾಗಿ ಮುಂದಕ್ಕೆ ಒಯ್ದರು.

ಆಮೇಲೆ 1848. ಫೆಬ್ರವರಿ 16ರಂದು ಪ್ಯಾರಿಸಿನಲ್ಲಿ ಆತನ ಕೊನೆಯ ಕಛೇರಿ. ಒಂದು ವಾರದೊಳಗೆ ಬೀದಿಯಲ್ಲಿ ಬ್ಯಾರಿಕೇಡುಗಳು, 24ಕ್ಕೆ ರಾಜ ಪದತ್ಯಾಗ. ಎಲ್ಲ ಗಂಡಸರಿಗೂ ಮತದಾನದ ಹಕ್ಕು, ಕಾಲೊನಿಗಳಲ್ಲಿ ಗುಲಾಮಗಿರಿಗೆ ಅಂತ್ಯ, ಕೆಲಸವಿಲ್ಲದವರಿಗೆ ಸರ್ಕಾರಿ ಕಾರ್ಯಾಗಾರಗಳಲ್ಲಿ ದಿನಕ್ಕೆ 2 ಫ್ರಾಂಕ್ ಕೂಲಿ. ಶೋಪಾನನ ಒಂದು ಪಾಠ ಆ ಕೂಲಿಯ ಹತ್ತು ದಿನ. ಅಲ್ಲಿದ್ದಿದ್ದರೆ ನಾನು ಬ್ಯಾರಿಕೇಡಿನ ಕಡೆಯೇ ಇರುತ್ತಿದ್ದೆ ಅಂತ ನಂಬಿಕೊಂಡಿದ್ದೇನೆ. ಆದರೆ ಅದೇ ವಾರಗಳಲ್ಲಿ ಶ್ರೀಮಂತರು ಊರು ಬಿಟ್ಟರು, ಅವರ ಜೊತೆ ಟ್ಯೂಷನ್ನೂ ಹೋಯಿತು. ಆತ ರಿಪಬ್ಲಿಕನ್ ಅಲ್ಲ. ಆದರೆ ಪೋಲೆಂಡಿನ ಬಿಡುಗಡೆಗಾಗಿ ಯುರೋಪಿನಲ್ಲಿ ದಂಗೆಯಾಗಲಿ ಅಂತ ಹಂಬಲಿಸಿದವನು. ದಂಗೆ ಬಂತು, ಪೋಲೆಂಡ್ ಬಿಡುಗಡೆಯಾಗಲಿಲ್ಲ, ಮೇಷ್ಟ್ರ ಕಸುಬು ಮುಳುಗಿತು.

ಶಿಷ್ಯೆ ಜೇನ್ ಸ್ಟರ್ಲಿಂಗ್ ಕರೆದಳು ಅಂತ ಏಪ್ರಿಲಿನಲ್ಲಿ ಲಂಡನ್ನಿಗೆ ಹೋದ. ಅಲ್ಲಿ ಪಾಠಕ್ಕೆ ಒಂದು ಗಿನಿ. ಬಾಡಿಗೆ ದುಬಾರಿ, ಹೊಗೆ, ಕ್ಷಯದಿಂದ ಹಣ್ಣಾದ ಶ್ವಾಸಕೋಶ. ಕೆಲವು ದೊಡ್ಡ ಮನೆಯವರು ಪಾಠ ಹೇಳಿಸಿಕೊಂಡು ಫೀಸು ಕೊಡದೆ ಹಳ್ಳಿಗೆ ಹೊರಟುಹೋದರು. ಅಲ್ಲಿ ಹಲಗೆಯ ಉಪಾಯ ನಡೆಯಲಿಲ್ಲ. ನವೆಂಬರ್ 16ರಂದು ಗಿಲ್ಡ್‌ಹಾಲಿನಲ್ಲಿ, ಪೋಲಿಷ್ ನಿರಾಶ್ರಿತರ ಸಹಾಯಾರ್ಥ, ಕೊನೆಯ ಸಲ ಸಾರ್ವಜನಿಕವಾಗಿ ನುಡಿಸಿದ.

ಪ್ಯಾರಿಸಿಗೆ ವಾಪಸಾದ ಮೇಲೆ ಪಾಠ ಹೇಳುವ ತ್ರಾಣವೇ ಉಳಿಯಲಿಲ್ಲ. 1849ರ ಬೇಸಿಗೆಯಲ್ಲಿ ಶಾಯೋದಲ್ಲಿ ಒಂದು ಮನೆ ಸಿಕ್ಕಿತು, ಬಾಡಿಗೆ ಅಗ್ಗ ಅಂದುಕೊಂಡ. ಅರ್ಧ ಬಾಡಿಗೆಯನ್ನು ರಷ್ಯಾದ ಒಬ್ಬ ರಾಜಕುಮಾರಿ ಗುಟ್ಟಾಗಿ ಕಟ್ಟುತ್ತಿದ್ದಳು. ಅಕ್ಟೋಬರ್ 17ಕ್ಕೆ ತೀರಿಕೊಂಡ, 39 ವರ್ಷ. ಪಿಯಾನೊ ಕಲಿಕೆಯ ಬಗ್ಗೆ ಒಂದು ಪುಸ್ತಕ ಬರೆಯಬೇಕು ಅಂತ ಶುರು ಮಾಡಿದ್ದು ಕೆಲವೇ ಹಾಳೆಗಳಲ್ಲಿ ನಿಂತಿತ್ತು. ಉಳಿದ ಪಾಠ ಶಿಷ್ಯರ ಸ್ವರಪುಸ್ತಕಗಳ ಅಂಚಿನಲ್ಲಿದೆ: ಯಾವ ಸ್ವರಕ್ಕೆ ಯಾವ ಬೆರಳು ಅಂತ ಆತ ಪೆನ್ಸಿಲಿನಲ್ಲಿ ಬರೆದುಕೊಟ್ಟ ಅಂಕಿಗಳು.